ಮುಖ ಬಂದಿದೆ, ಅಪ್ಪ ಬಂದಿಲ್ಲ

ಪ್ರಶ್ನೆ: “ಸರ್, ನನಗೆ 29 ವರ್ಷ. ಯಾದಗಿರಿ ಜಿಲ್ಲೆಯ ಶಹಾಪುರ ತಾಲೂಕಿನವನು. ಮನೆ ವೈರಿಂಗ್ ಕೆಲಸ ನನ್ನ ಹೊಟ್ಟೆಪಾಡು. ಐದು ವರ್ಷದಿಂದ ರಾತ್ರಿ ಹೊತ್ತು ಮಣ್ಣಿನಲ್ಲಿ ಮನುಷ್ಯರ ತಲೆ ಮಾಡುತ್ತಿದ್ದೇನೆ. ಎಂ-ಸೀಲ್‌ನಲ್ಲಿ ರೆಕ್ಕೆ ಇರುವ ಸರ್ಪ, ಅರ್ಧ ಕುದುರೆ ಅರ್ಧ ಮನುಷ್ಯ, ಇಂಥ ಕಲ್ಪನೆಯ ಗೊಂಬೆಗಳನ್ನೂ ಮಾಡುತ್ತೇನೆ. ಯಾರ ಹತ್ತಿರವೂ ಕಲಿತಿಲ್ಲ, ಮೊಬೈಲ್ ನೋಡಿ ಕಲಿತಿದ್ದು. ಅಪ್ಪ ತೀರಿಕೊಂಡ ಮೇಲೆ, ಒಳಗೆ ಕಬ್ಬಿಣದ ರಾಡು ಇಟ್ಟು, ಹೊಲದ ಎರೆಮಣ್ಣಿನಲ್ಲಿ ಅವರ ತಲೆ ಮಾಡಿದೆ. ಕಣ್ಣು, ಮೂಗು, ಮೀಸೆ ಎಲ್ಲ ಫೋಟೋದಲ್ಲಿ ಇದ್ದ ಹಾಗೇ ಇವೆ. ಆದರೆ ಅವ್ವ ಬಹಳ ಹೊತ್ತು ನೋಡಿ ‘ಮುಖ ಅದ, ನಿಮ್ಮಪ್ಪ ಇಲ್ಲ’ ಅಂದಳು. ಒಣಗುವಾಗ ಕುತ್ತಿಗೆಗೂ ಕಿವಿ ಹಿಂದೆಯೂ ಬಿರುಕು ಬಂತು. ಅದಕ್ಕೆ ಮುಂಚೆ ಮಾಡಿದ ಇನ್ನೊಂದು ತಲೆ ಕುಂಬಾರರು ಮಡಕೆ ಸುಡುವ ಆವಿಗೆಯಲ್ಲಿ ಸಿಡಿದು ಹೋಯಿತು. ಒಳಗೆ ಗಾಳಿಗುಳ್ಳೆ ಇತ್ತು ಅಂದರು. ಗೊಂಬೆಗಳ ರೆಕ್ಕೆ ಮುರಿದು ಬೀಳುತ್ತವೆ. ಈಗ ಊರಿನವರು ಒಬ್ಬ ಹಿರಿಯರ ಎದೆಮಟ್ಟದ ಮೂರ್ತಿಯನ್ನು ಫೈಬರ್‌ನಲ್ಲಿ ಮಾಡಿಕೊಡು ಅಂತಿದ್ದಾರೆ. ಹಿಂದೆ ಒಮ್ಮೆ ಕೋಣೆಯ ಬಾಗಿಲು ಮುಚ್ಚಿ, ಕೂಲರ್ ಹಚ್ಚಿಕೊಂಡು ಫೈಬರ್ ಮಾಡಿ ನೋಡಿದಾಗ ಎರಡು ದಿನ ತಲೆನೋವು ಬಂದಿತ್ತು. ಗುರು ಇಲ್ಲದೆ ಈ ವಿದ್ಯೆ ಬರುವುದಿಲ್ಲ, ಬದುಕಿರುವವರ ಮೂರ್ತಿ ಮಾಡಿದರೆ ಅವರ ಆಯುಷ್ಯ ಕಡಿಮೆಯಾಗುತ್ತದೆ ಅಂತಲೂ ಜನ ಹೇಳುತ್ತಾರೆ. ನಾನು ಮುಂದುವರಿಯಲೋ, ಬಿಡಲೋ?”

ಉತ್ತರ: ನಿಮ್ಮ ಪತ್ರದಲ್ಲಿ ಏಳೆಂಟು ಪ್ರಶ್ನೆಗಳಿವೆ. ನಾನು ಹಿಡಿದುಕೊಂಡಿದ್ದು ನಿಮ್ಮವ್ವನ ಮಾತನ್ನು. ಮೂವತ್ತು ವರ್ಷದಿಂದ ಕಲಬುರಗಿಯಲ್ಲಿ ತಲೆಗಳನ್ನು ಮಾಡುತ್ತಿದ್ದೇನೆ, ಹುಡುಗರಿಗೆ ಕಲಿಸುತ್ತಿದ್ದೇನೆ. ತಪ್ಪು ಎಲ್ಲಿದೆ ಅಂತ ಇಷ್ಟು ಚಿಕ್ಕದಾಗಿ, ಇಷ್ಟು ಸರಿಯಾಗಿ ಹೇಳಿದವರನ್ನು ನಾನು ಕಂಡಿದ್ದು ಕಡಿಮೆ. ನೀವು ಮೇಲಿನದನ್ನೆಲ್ಲ ಮಾಡಿದ್ದೀರಿ, ಒಳಗಿನದು ಬಿಟ್ಟುಹೋಗಿದೆ. ಬಿರುಕು, ಸಿಡಿತ, ಮುರಿದ ರೆಕ್ಕೆ ಬೇರೆ ಬೇರೆ ತೊಂದರೆಗಳಂತೆ ಕಾಣುತ್ತವೆ ಅಲ್ವಾ? ಅವೂ ಒಳಗಿನದೇ.

ನೀವು ಕಳಿಸಿದ ನಾಲ್ಕು ಫೋಟೋಗಳಲ್ಲಿ ಪಕ್ಕದಿಂದ ತೆಗೆದದ್ದು ಒಂದೇ. ಅದರ ಮೇಲೆ ಅಳತೆಪಟ್ಟಿ ಇಟ್ಟು ನೋಡಿದೆ. ಗದ್ದದಿಂದ ನೆತ್ತಿಗೆ 23 ಸೆಂ.ಮೀ. ಅಂತ ನೀವೇ ಬರೆದಿದ್ದೀರಿ. ಆ ಲೆಕ್ಕದಲ್ಲಿ ಹಣೆಯಿಂದ ತಲೆಯ ಹಿಂಭಾಗಕ್ಕೆ ಬಂದಿದ್ದು 15. ವಯಸ್ಸಾದ ಗಂಡಸಿನ ತಲೆ ಹೆಚ್ಚುಕಮ್ಮಿ 22-23 ಎತ್ತರ, 15 ಅಗಲ, ಮತ್ತು ಹಿಂದಕ್ಕೆ 19ರಿಂದ 20 ಸೆಂ.ಮೀ. ಇರುತ್ತದೆ. ಅಂದರೆ ನಿಮ್ಮ ಅಪ್ಪನ ತಲೆಯಲ್ಲಿ ಹಿಂದುಗಡೆ ಒಂದೂವರೆ, ಎರಡು ಇಂಚು ಬುರುಡೆಯೇ ಇಲ್ಲ. ಗೋಡೆಗೆ ಒರಗಿಸಿಟ್ಟ ಮುಖವಾಡದ ಹಾಗೆ ಆಗಿದೆ. ಎದುರಿಗೆ ನಿಂತವರಿಗೆ ಇದು ಗೊತ್ತಾಗುವುದಿಲ್ಲ. ಆದರೆ ನಿಮ್ಮವ್ವ ನಿಮ್ಮ ಅಪ್ಪನನ್ನು ಎದುರಿಗೆ ಕೂತು ನೋಡಿದ್ದು ಎಷ್ಟು ಹೊತ್ತು? ಊಟಕ್ಕೆ ಬಡಿಸುವಾಗ ಮೇಲಿಂದ, ಕಟ್ಟೆ ಮೇಲೆ ಕೂತಾಗ ಪಕ್ಕದಿಂದ, ಹೊಲಕ್ಕೆ ಹೋಗುವಾಗ ಹಿಂದಿನಿಂದ ನೋಡಿದ್ದಾರೆ. ಅವರಿಗೆ ಗೊತ್ತಿರುವ ಅಪ್ಪ ಆ ಹಿಂದಲೆಯಲ್ಲೂ ಇದ್ದಾರೆ.

ಇದು ನಿಮ್ಮೊಬ್ಬರ ತಪ್ಪಲ್ಲ. ಸ್ವಂತ ಕಲಿತವರೆಲ್ಲ ಇಲ್ಲೇ ಎಡವುತ್ತಾರೆ. ಮನುಷ್ಯನ ಕಣ್ಣು ಮೊದಲು ಹೋಗುವುದು ಕಣ್ಣು, ಮೂಗು, ಬಾಯಿಗೆ. ಅದಕ್ಕೇ ಮಣ್ಣಿನಲ್ಲೂ ಮುಖಕ್ಕೆ ಜಾಸ್ತಿ ಜಾಗ ಕೊಡುತ್ತೇವೆ, ಹಣೆ ಮತ್ತು ನೆತ್ತಿ ಕುಗ್ಗಿಹೋಗುತ್ತವೆ. ಒಂದು ದಾರ ತಗೊಂಡು ನಿಮ್ಮ ತಲೆಯನ್ನೇ ಅಳೆದು ನೋಡಿ. ಕಣ್ಣಿನ ಗೆರೆ ತಲೆಯ ಸರಿ ಅರ್ಧಕ್ಕೆ ಬರುತ್ತದೆ. ಕಲಿಯಲು ಬರುವ ಹುಡುಗರಲ್ಲಿ ಬಹಳಷ್ಟು ಜನ ಇದನ್ನು ಮೊದಲ ದಿನ ನಂಬುವುದೇ ಇಲ್ಲ.

ಇನ್ನು ಮೊಬೈಲ್ ಫೋಟೋ. ಒಂದೂವರೆ ಅಡಿ ದೂರದಿಂದ ತೆಗೆದರೆ ಮೂಗು ದೊಡ್ಡದಾಗುತ್ತದೆ, ಕಿವಿ ಹಿಂದಕ್ಕೆ ಸರಿದು ಚಿಕ್ಕದಾಗುತ್ತವೆ. ಆ ಫೋಟೋ ನೋಡಿ ಮಾಡಿದ ತಲೆಯಲ್ಲೂ ಅದೇ ತಪ್ಪು ಬರುತ್ತದೆ. ಎರಡು ಮೀಟರಿಗಿಂತ ದೂರ ನಿಂತು, ಜೂಮ್ ಮಾಡಿ, ಕ್ಯಾಮೆರಾವನ್ನು ಅವರ ಕಣ್ಣಿನ ಮಟ್ಟಕ್ಕೇ ಹಿಡಿದು ತೆಗೆಯಬೇಕು. ಎದುರು, ಎರಡೂ ಪಕ್ಕ, ಎರಡೂ ಓರೆ, ಹಿಂದೆ. ಇಷ್ಟಿಲ್ಲದೆ ಮಣ್ಣು ಮುಟ್ಟಬೇಡಿ.

ಕೆಲಸದ ಕ್ರಮವನ್ನೂ ತಿರುಗಿಸಿಕೊಳ್ಳಿ. ಮೊದಲು ಕುತ್ತಿಗೆ. ಅದು ನೆಟ್ಟಗೆ ನಿಂತ ಕಂಬ ಅಲ್ಲ, ಹಿಂದಿನಿಂದ ಮುಂದಕ್ಕೆ ವಾಲಿರುತ್ತದೆ. ಅದರ ಮೇಲೆ ಮೊಟ್ಟೆಯಂಥ ಬುರುಡೆ. ಆಮೇಲೆ ದವಡೆ, ಕೆನ್ನೆಯ ಮೂಳೆ. ಕಣ್ಣಿನ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ ಗುಳಿ ಮಾಡಿ. ಆ ಗುಳಿಯೊಳಗೆ ಒಂದು ಉಂಡೆ ಇಡಿ. ಕಣ್ಣುಗುಡ್ಡೆಯ ಅಡ್ಡಳತೆ ಸುಮಾರು 24 ಮಿ.ಮೀ., ದೊಡ್ಡ ಗೋಲಿಯಷ್ಟು. ರೆಪ್ಪೆಗಳನ್ನು ಆ ಉಂಡೆಯ ಮೇಲೆ ತೆಳುವಾಗಿ ಹೊದಿಸಿ. ಮೇಲಿನ ರೆಪ್ಪೆ ಮೂಲೆಯಲ್ಲಿ ಕೆಳಗಿನದನ್ನು ದಾಟಿ ಕೂರಬೇಕು. ಹೊರಮೂಲೆ ಒಳಮೂಲೆಗಿಂತ ಹಿಂದಕ್ಕಿರಬೇಕು. ನಿಮ್ಮ ಫೋಟೋದಲ್ಲಿ ಕಣ್ಣುಗಳನ್ನು ಕಡ್ಡಿಯಿಂದ ಗೀಚಿದ್ದೀರಿ. ಉಂಡೆ ಇಲ್ಲದ ರೆಪ್ಪೆ ಅದು. ಅದಕ್ಕೇ ನೋಟ ಬಂದಿಲ್ಲ.

ಈಗ ಗುರುವಿನ ಮಾತು. ಪರಂಪರೆಯ ಶಿಲ್ಪಿಗಳ ಮನೆಯಲ್ಲಿ ಹುಟ್ಟಿದವರಿಗೆ ಇರುವ ಲಾಭ ನಿಜ. ಮಣ್ಣು, ಕಲ್ಲು, ಉಳಿಯ ಬಗ್ಗೆ ಅವರ ಕೈಗೆ ಗೊತ್ತಿರುವುದು ನಮಗೆ ಗೊತ್ತಾಗಲು ಹತ್ತು ವರ್ಷ ಬೇಕು. ಆದರೆ ಅವರ ತಾಳಮಾನದ ಲೆಕ್ಕ ಇರುವುದು ದೇವರ ಮೂರ್ತಿಗೆ. ನವತಾಳ, ದಶತಾಳ ಅಂತ ಮುಖದ ಉದ್ದದಿಂದ ಇಡೀ ದೇಹ ಅಳೆಯುವ ಕ್ರಮ ಅದು. ಅಲ್ಲಿ ಅಳತೆ ತಪ್ಪಬಾರದು. ಮನುಷ್ಯನ ತಲೆ ಮಾಡುವವನ ಕೆಲಸ ಇದಕ್ಕೆ ತಿರುಗಾಮುರುಗಾ. ಮೇಲೆ ಹೇಳಿದ ಅಳತೆಗಳು ಸುಮ್ನೆ ಒಂದು ಗೂಟ ಇದ್ದ ಹಾಗೆ. ಆ ಗೂಟದಿಂದ ನಿಮ್ಮ ಅಪ್ಪ ಎಷ್ಟು ದೂರ ಸರಿದಿದ್ದಾರೆ, ಎಡ ಹುಬ್ಬು ಎಷ್ಟು ಮೇಲಿತ್ತು, ಕೆಳತುಟಿ ಎಷ್ಟು ಹೊರಗಿತ್ತು, ಅದೇ ನಿಮ್ಮ ಅಪ್ಪ.

ನಮ್ಮ ಕಲಬುರಗಿ ಜಿಲ್ಲೆಯಲ್ಲೇ ಇದಕ್ಕೆ ಒಳ್ಳೆಯ ಪಾಠ ಇದೆ. ಚಿತ್ತಾಪುರ ತಾಲೂಕಿನ ಸನ್ನತಿ ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ ಅಶೋಕನ ಶಿಲ್ಪ ಸಿಕ್ಕಿದೆ. ರಾಣಿ, ಪರಿಚಾರಿಕೆಯರ ಜೊತೆ ನಿಂತ ರಾಜ. ಬ್ರಾಹ್ಮಿ ಲಿಪಿಯಲ್ಲಿ ‘ರಾಯ ಅಸೋಕೊ’, ಅಂದರೆ ರಾಜ ಅಶೋಕ ಅಂತ ಬರೆದಿದೆ. ಕೆತ್ತಿದವರು ಅಶೋಕನನ್ನು ಕಂಡವರಲ್ಲ, ಅವನು ಹೋಗಿ ಬಹಳ ಕಾಲದ ಮೇಲೆ ಬಂದವರು. ಮುಖ ಗೊತ್ತಿಲ್ಲ, ಅದಕ್ಕೆ ಹೆಸರು ಬರೆದರು. ಬಹಳ ಚೆನ್ನಾದ ಕೆತ್ತನೆ. ಸಾಧ್ಯವಾದರೆ ಹೋಗಿ ನೋಡಿ. ಶಹಾಪುರದಿಂದ ಬಹಳ ದೂರ ಇಲ್ಲ. ಅಲ್ಲಿ ಹೆಸರು ಹೇಳಿದ ಕೆಲಸವನ್ನು ನಿಮ್ಮ ಮಣ್ಣಿನಲ್ಲಿ ತಲೆಯೇ ಹೇಳಬೇಕು. ಅದನ್ನು ಕಲಿಸುವುದು ಎದುರಿಗೆ ಕೂತ ಬದುಕಿರುವ ಮನುಷ್ಯ. ಸರ್ಟಿಫಿಕೇಟ್ ಇಲ್ಲ ಅಂತ ಕುಗ್ಗಬೇಡಿ. ಪ್ಯಾರಿಸ್‌ನ ದೊಡ್ಡ ಕಲಾಶಾಲೆ ಫ್ರಾನ್ಸಿನ ಹೆಸರಾಂತ ಶಿಲ್ಪಿ ರೋದಾನನ್ನು ಮೂರು ಸಲ ಸೇರಿಸಿಕೊಳ್ಳಲಿಲ್ಲ. ಅವನು ಕಲಿತಿದ್ದು ಚಿಕ್ಕ ಡ್ರಾಯಿಂಗ್ ಶಾಲೆಯಲ್ಲಿ, ಆಮೇಲೆ ಬೇರೆಯವರ ಕೈಕೆಳಗೆ ದುಡಿಯುತ್ತಾ. ತಲೆ ಮಾಡುವಾಗ ಅವನು ಒಂದೇ ಕಡೆ ನಿಲ್ಲುತ್ತಿರಲಿಲ್ಲ. ಸುತ್ತು ಹಾಕುತ್ತಾ, ಪ್ರತಿ ದಿಕ್ಕಿನಿಂದ ಕಾಣುವ ಅಂಚಿನ ಗೆರೆಯನ್ನು ಸರಿ ಮಾಡುತ್ತಾ ಹೋಗುತ್ತಿದ್ದ. ನೀವೂ ಹಾಗೇ ಮಾಡಿ. ಸ್ಟೂಲಿನ ಮೇಲೆ ತಿರುಗುವ ಹಲಗೆ ಇಟ್ಟುಕೊಳ್ಳಿ. ಹತ್ತು ನಿಮಿಷಕ್ಕಿಂತ ಜಾಸ್ತಿ ಒಂದೇ ಕಡೆಯಿಂದ ನೋಡುತ್ತಾ ಕೂರಬೇಡಿ.

ಬದುಕಿರುವವರ ಮೂರ್ತಿ ಮಾಡಿದರೆ ಆಯುಷ್ಯ ಕಡಿಮೆ ಅನ್ನುವ ನಂಬಿಕೆ ನಮ್ಮ ಕಡೆ ಇದೆ. ಯಾಕೆ ಬಂತು ಅಂತ ಯೋಚಿಸಿದ್ದೇನೆ. ಜನ ಕಂಡ ಮೂರ್ತಿಗಳೆಲ್ಲ ಹೋದವರವೇ. ಚೌಕದಲ್ಲಿ, ತೋಟದ ಸಮಾಧಿಯ ಮೇಲೆ. ಹಾಗಾಗಿ ಮೂರ್ತಿ ಅಂದರೆ ಸಾವು ಅಂತ ಮನಸ್ಸಿನಲ್ಲಿ ಕೂತಿದೆ. ನಾನು ಎದುರಿಗೆ ಕೂರಿಸಿಕೊಂಡು ಮಾಡಿದವರಲ್ಲಿ ಹಲವರು ಇವತ್ತೂ ಸಂಜೆ ಕಲಬುರಗಿಯ ‘ಅಪ್ಪನ ಕೆರೆ’ ಸುತ್ತ ವಾಕಿಂಗ್‌ನಲ್ಲಿ ಸಿಗುತ್ತಾರೆ. ಆದರೂ ಮನಸ್ಸಿಲ್ಲದವರನ್ನು ಒತ್ತಾಯ ಮಾಡಬೇಡಿ. ಹೆದರಿಕೊಂಡು ಕೂತವರ ಮುಖ ಬಿಗಿದಿರುತ್ತದೆ, ಅದರಿಂದ ನಿಮಗೂ ಏನೂ ಸಿಗುವುದಿಲ್ಲ. ಒಪ್ಪುವ ಗೆಳೆಯರು, ಮಾವ, ಚಹಾ ಅಂಗಡಿಯವರು ಇದ್ದೇ ಇರುತ್ತಾರೆ. ಇಂಥವರ ಹತ್ತು ತಲೆ ಮಾಡಿ. ಒಂದೊಂದಕ್ಕೆ ಮೂರು ರಾತ್ರಿ ಸಾಕು. ಮುಗಿದ ಮೇಲೆ ಫೋಟೋ ತೆಗೆದು ಮಣ್ಣನ್ನು ಮತ್ತೆ ಕಲಸಿ. ಆಮೇಲೆ ಅಪ್ಪನ ಹತ್ತಿರ ಬನ್ನಿ.

ಹೋದವರ ತಲೆ ಮಾಡುವುದು ಈ ಕೆಲಸದಲ್ಲೇ ಕಷ್ಟದ್ದು. ಬರುವವರ ಕೈಯಲ್ಲಿ ಇರುವುದು ಒಂದು ಆಧಾರ್ ಫೋಟೋ, ಒಂದು ಗುಂಪಿನ ಫೋಟೋ. ಪಕ್ಕದ ಮುಖ ಯಾರ ಹತ್ತಿರವೂ ಇರುವುದಿಲ್ಲ. ಇದಕ್ಕೆ ನಾನು ಕಂಡುಕೊಂಡ ದಾರಿ ಮದುವೆ ವಿಡಿಯೋ. ಮನೆಯದೋ, ಬಂಧುಗಳದೋ, ಹಳೆ ಕ್ಯಾಸೆಟ್ ಇದ್ದರೂ ನಡೆಯುತ್ತದೆ. ಅಕ್ಷತೆ ಹಾಕಲು ತಿರುಗಿದಾಗ, ಪಂಕ್ತಿಯಲ್ಲಿ ಬಗ್ಗಿದಾಗ ಎರಡು ಸೆಕೆಂಡ್ ಪಕ್ಕದ ಮುಖ ಸಿಗುತ್ತದೆ. ಅಲ್ಲಿ ನಿಲ್ಲಿಸಿ ನೋಡಿ. ಚಿಕ್ಕಪ್ಪ, ದೊಡ್ಡಪ್ಪ ಇದ್ದರೆ ಅವರ ಬುರುಡೆ, ಕಿವಿ, ದವಡೆ ಅಳೆಯಿರಿ. ಕಿವಿ ಮತ್ತು ಹಿಂದಲೆಯ ಆಕಾರ ಅಣ್ಣ ತಮ್ಮಂದಿರಲ್ಲಿ ಹೊಂದಿಕೊಳ್ಳುವುದನ್ನು ಬಹಳ ಸಲ ಕಂಡಿದ್ದೇನೆ. ಕೊನೆಯ ದಿನಗಳ ಫೋಟೋವನ್ನೇ ನಂಬಬೇಡಿ. ಹಲ್ಲು ಬಿದ್ದವರ ಮುಖದ ಕೆಳಭಾಗ ಕುಗ್ಗಿರುತ್ತದೆ. ಮನೆಯವರು ನೆನಪಿಟ್ಟುಕೊಂಡಿರುವುದು ಅದಕ್ಕಿಂತ ಹತ್ತು ವರ್ಷ ಹಿಂದಿನ ಮುಖವನ್ನು.

ಅಫಜಲಪುರ ಕಡೆಯ ಒಬ್ಬ ಹಿರಿಯ ಹೆಣ್ಣುಮಗಳು ಗಂಡನ ತಲೆ ನೋಡಲು ಬಂದಿದ್ದರು. ಇನ್ನೂ ಹಸಿ ಮಣ್ಣು. ಮಕ್ಕಳು ‘ಮೂಗು ಸ್ವಲ್ಪ ಸಣ್ಣ ಮಾಡ್ರಿ’, ‘ಮೀಸಿ ದಪ್ಪ ಆಗ್ಯಾದ’ ಅಂತ ಹೇಳುತ್ತಿದ್ದರು. ಆಕೆ ಏನೂ ಮಾತಾಡಲಿಲ್ಲ. ಎದ್ದು ಬಂದು, ಅಂಗೈಯನ್ನು ಆ ಮಣ್ಣಿನ ತಲೆಯ ರುಮಾಲಿನ ಮೇಲಿಟ್ಟು, ಎಡಗಡೆ ಹುಬ್ಬಿನ ಮೇಲೆ ಬರುವ ಹಾಗೆ ಮೆಲ್ಲಗೆ ಕೆಳಗೆ ಒತ್ತಿದರು. ಅಷ್ಟೇ. ಮಣ್ಣಿನ ಮೇಲೆ ಆಕೆಯ ಬೆರಳಿನ ಗುರುತು ಉಳಿಯಿತು. ಮಕ್ಕಳು ಸುಮ್ಮನಾದರು. ಮೂಗು, ಮೀಸೆ ನಾನು ಬದಲಿಸಲೇ ಇಲ್ಲ. ಅಂದಿನಿಂದ ಮನೆಯವರಿಗೆ ‘ಮುಖ ಸರಿ ಇದೆಯಾ’ ಅಂತ ಕೇಳುವುದು ಬಿಟ್ಟೆ. ‘ಹೇಗೆ ಕೂರುತ್ತಿದ್ದರು, ತಲೆ ಯಾವ ಕಡೆ ವಾಲುತ್ತಿತ್ತು, ಕರೆದರೆ ಹೇಗೆ ತಿರುಗುತ್ತಿದ್ದರು’ ಅಂತ ಕೇಳುತ್ತೇನೆ.

ಬಿರುಕಿನ ವಿಷಯಕ್ಕೆ ಬರೋಣ. ಒಣಗುವಾಗ ಮಣ್ಣು ಕುಗ್ಗುತ್ತದೆ. ಒಳಗೆ ನೀವಿಟ್ಟ ಕಬ್ಬಿಣದ ರಾಡು ಕುಗ್ಗುವುದಿಲ್ಲ. ಹಿಡಿದುಕೊಂಡ ರಾಡಿನ ಸುತ್ತ ಮಣ್ಣು ಎಳೆದಾಡಿ ಹರಿಯುತ್ತದೆ. ತೆಳು ಜಾಗ ಮೊದಲು ಒಣಗುತ್ತದೆ, ದಪ್ಪ ಜಾಗ ಆಮೇಲೆ. ಅದಕ್ಕೇ ಕಿವಿ ಹಿಂದೆ, ಕುತ್ತಿಗೆಯಲ್ಲಿ ಬಿರುಕು. ನಮ್ಮ ಬೇಸಿಗೆಯ ಒಣ ಗಾಳಿಗೆ ಇದು ಇನ್ನೂ ಬೇಗ. ಜೊತೆಗೆ ನೀವು ಬಳಸಿದ್ದು ಹೊಲದ ಎರೆಮಣ್ಣು. ಬೇಸಿಗೆಯಲ್ಲಿ ಎರೆಹೊಲದಲ್ಲಿ ಕೈ ಹೋಗುವಷ್ಟು ಬಿರುಕು ಬಿಟ್ಟಿರುತ್ತದೆ ಅಲ್ವಾ? ಆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಹಳ ಕುಗ್ಗುತ್ತದೆ. ತೊಗರಿಗೆ ಒಳ್ಳೆಯದು, ತಲೆಗೆ ಅಲ್ಲ. ಕುಂಬಾರರು ಬಳಸುವ ಕೆರೆ ಮಣ್ಣು ತನ್ನಿ. ಅದಕ್ಕೆ ಸಣ್ಣ ಮರಳನ್ನೋ, ಸುಟ್ಟ ಮಡಕೆ ಚೂರಿನ ಪುಡಿಯನ್ನೋ ನಾಲ್ಕರಲ್ಲಿ ಒಂದು ಪಾಲಿನಷ್ಟು ಸೇರಿಸಿ. ಒಂದು ಪಟ್ಟಿ ಮಾಡಿ, ಮೇಲೆ ಸರಿಯಾಗಿ 10 ಸೆಂ.ಮೀ. ಗೆರೆ ಎಳೆದು ಒಣಗಿಸಿ. ಗೆರೆ 9ಕ್ಕಿಂತ ಕಡಿಮೆಯಾದರೆ ಆ ಮಣ್ಣು ಬೇಡ, ಇಲ್ಲವೇ ಮರಳು ಜಾಸ್ತಿ ಮಾಡಿ.

ಇನ್ನು ಸಿಡಿತ. ಗಾಳಿಗುಳ್ಳೆಯಿಂದ ಸಿಡಿಯುತ್ತದೆ ಅನ್ನುವುದು ಕಲಾಶಾಲೆಗಳಲ್ಲೂ ಹೇಳುವ ಮಾತು, ಆದರೆ ತಪ್ಪು. ಸಿಡಿಸುವುದು ನೀರು. ಹೊರಗೆ ಒಣಗಿ ಬೆಳ್ಳಗಾದ ತಲೆಯೊಳಗೆ ಇನ್ನೂ ಪಸೆ ಇರುತ್ತದೆ. ಬೆಂಕಿ 100 ಡಿಗ್ರಿ ದಾಟಿಸಿದ ಕೂಡಲೇ ಅದು ಆವಿಯಾಗುತ್ತದೆ. ನೀರು ಆವಿಯಾದರೆ ಸಾವಿರದ ಆರುನೂರು ಪಟ್ಟಿಗಿಂತ ಜಾಸ್ತಿ ಜಾಗ ಕೇಳುತ್ತದೆ. ದಾರಿ ಸಿಗದಿದ್ದರೆ ಮಣ್ಣನ್ನು ಒಡೆದುಕೊಂಡು ಬರುತ್ತದೆ. ಪೂರ್ತಿ ಒಣಗಿದ್ದರೆ ಗುಳ್ಳೆ ಇದ್ದರೂ ಏನೂ ಆಗುವುದಿಲ್ಲ. ಮಡಕೆಯ ಗೋಡೆ ತೆಳು, ಅದು ಆವಿಗೆಯ ಬೆಂಕಿಯ ವೇಗ ತಾಳುತ್ತದೆ. ನಾಲ್ಕು ಇಂಚು ದಪ್ಪದ ಗಟ್ಟಿ ತಲೆ ತಾಳುವುದಿಲ್ಲ. ಕಲಿಯುವ ದಿನಗಳಲ್ಲಿ ನನ್ನ ಒಂದು ತಲೆ ಸಿಡಿದು ಕುಂಬಾರರೊಬ್ಬರ ಹದಿನೈದು ಮಡಕೆ ಒಡೆದವು. ಅದು ಅವರ ಒಂದು ವಾರದ ದುಡಿಮೆ. ಅವರು ದುಡ್ಡು ಬೇಡ ಅಂದರು, ನಾನು ಕೊಟ್ಟೆ. ನಿಮ್ಮ ತಲೆ ಸಿಡಿದಾಗ ಅವರ ಮಡಕೆಗೆ ಏನಾಯಿತು ಅಂತ ನೀವು ಬರೆದಿಲ್ಲ. ಕೇಳಿಲ್ಲದಿದ್ದರೆ ಹೋಗಿ ಕೇಳಿ.

ಸುಡಬೇಕು ಅಂತಿದ್ದರೆ ಹೀಗೆ ಮಾಡಿ. ಮಣ್ಣು ಹಸಿ ತೊಗಲಿನಷ್ಟು ಬಿಗಿಯಾದಾಗ, ತೆಳು ತಂತಿಯಿಂದ ನೆತ್ತಿಯನ್ನು ಮುಚ್ಚಳದ ಹಾಗೆ ಕತ್ತರಿಸಿ ತೆಗೆಯಿರಿ. ಒಳಗಿನ ರಾಡು, ಕಾಗದ, ಸುತಳಿ ಎಲ್ಲ ಹೊರಗೆ ತೆಗೆದು, ಒಳಗಿಂದ ಮಣ್ಣು ಕೆರೆದು, ಗೋಡೆ ಎಲ್ಲ ಕಡೆ ಮುಕ್ಕಾಲು ಇಂಚು ಇರುವ ಹಾಗೆ ಮಾಡಿ. ಅಂಚುಗಳನ್ನು ಗೀಚಿ, ಮಣ್ಣಿನ ಗಂಜಿ ಹಚ್ಚಿ ಮತ್ತೆ ಕೂರಿಸಿ. ಕೆಳಗೆ ತೂತು ಇರಲಿ. ಪ್ಲಾಸ್ಟಿಕ್ ಸುತ್ತಿ ಮೂರು ವಾರ ನಿಧಾನ ಒಣಗಿಸಿ. ಕಿವಿಗಳಿಗೆ ಮಾತ್ರ ಒದ್ದೆ ಬಟ್ಟೆ ಚೂರು ಹೊದಿಸಿಡಿ, ಅವು ಮುಂದೆ ಓಡಬಾರದು. ಒಣಗಿತೋ ಇಲ್ಲವೋ ನೋಡಲು ನಿಮ್ಮ ಕೆನ್ನೆಗೆ ತಾಗಿಸಿ. ತಣ್ಣಗೆ ಅನಿಸಿದರೆ ಒಳಗೆ ಇನ್ನೂ ನೀರಿದೆ. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ದಿನಾ ತೂಗಿ, ತೂಕ ಇಳಿಯುವುದು ನಿಂತ ಮೇಲೆ ಕುಂಬಾರರ ಹತ್ತಿರ ಹೋಗಿ. ಮೊದಲ ಐದಾರು ಗಂಟೆ ಬರೀ ಹೊಗೆಯ ಸಣ್ಣ ಕಾವು ಕೊಡಲು ಅವರನ್ನು ಕೇಳಿಕೊಳ್ಳಿ. ಅವರ ಮಡಕೆ ಇಲ್ಲದ ದಿನ ಸುಡಿಸಿ, ಆ ದಿನದ ಕಟ್ಟಿಗೆ ಮತ್ತು ಕೂಲಿ ನೀವು ಕೊಡಿ. ಇಷ್ಟೆಲ್ಲ ಮಾಡಿದರೂ ಒಮ್ಮೊಮ್ಮೆ ಒಡೆಯುತ್ತದೆ. ಅದಕ್ಕೇ ಸುಡುವ ಮುಂಚೆ ಅಚ್ಚು ತೆಗೆದಿಟ್ಟುಕೊಳ್ಳುವುದು ಒಳ್ಳೆಯದು.

ಅಚ್ಚು ತೆಗೆಯುವುದಾದರೆ ರಾಡು ಒಳಗೇ ಇರಲಿ, ಮಣ್ಣು ಹಸಿ ಇರುವಾಗಲೇ ಪ್ಲಾಸ್ಟರ್ ಆಫ್ ಪ್ಯಾರಿಸ್ ಹಾಕಬೇಕು. ಒಂದೇ ಎಚ್ಚರಿಕೆ ಹೇಳುತ್ತೇನೆ. ಪ್ಲಾಸ್ಟರ್ ಗಟ್ಟಿಯಾಗುವಾಗ ಬಿಸಿಯಾಗುತ್ತದೆ. ಕೈಯನ್ನೋ ಮುಖವನ್ನೋ ಅದರಲ್ಲಿ ಹೂತು ಅಚ್ಚು ತೆಗೆಯಲು ಹೋಗಬೇಡಿ. 2007ರಲ್ಲಿ ಇಂಗ್ಲೆಂಡಿನ ಶಾಲಾ ಹುಡುಗಿಯೊಬ್ಬಳು ಹಾಗೆ ಕೈ ಇಟ್ಟು ಬಹುತೇಕ ಬೆರಳುಗಳನ್ನೇ ಕಳೆದುಕೊಂಡಳು.

ನಿಮ್ಮ ರೆಕ್ಕೆಯ ಸರ್ಪ ನನಗೆ ಬಹಳ ಇಷ್ಟವಾಯಿತು. ನಿಜವಾಗಿ ಹೇಳುತ್ತೇನೆ, ತಲೆಗಳಿಗಿಂತ ಅದರಲ್ಲಿ ನಿಮ್ಮ ಕೈ ಸಲೀಸಾಗಿ ಆಡಿದೆ. ಜನ ಅದನ್ನು ‘ಇಂಗ್ಲಿಷ್ ಸಿನಿಮಾದ್ದು’ ಅನ್ನಬಹುದು. ಹಾಗಾದರೆ ಗುಡಿಯ ಬಾಗಿಲ ಮೇಲಿನ ಕೀರ್ತಿಮುಖ, ಮಕರ, ಸಿಂಹದ ಮೈಗೆ ಸೊಂಡಿಲು ಇರುವ ಯಾಳಿ, ಗಂಡಭೇರುಂಡ ಎಲ್ಲ ಯಾವ ಸಿನಿಮಾದ್ದು? ಬೀದರ್ ಕೋಟೆಗೆ ಹೋದರೆ ಶರ್ಜಾ ದರ್ವಾಜಾದ ಮೇಲಿನ ಹುಲಿಗಳನ್ನು ನೋಡಿ. ಹುಮನಾಬಾದ್ ಹತ್ತಿರದ ಜಲಸಂಗಿ ಗುಡಿಯ ಹೊರಗೋಡೆಯನ್ನು ಸುತ್ತಿ ನೋಡಿ. ಶಾಸನ ಬರೆಯುತ್ತಾ ನಿಂತ ಶಿಲಾಬಾಲಿಕೆ ಅಲ್ಲಿದ್ದಾಳೆ. ಆಕೆಯ ಬೆನ್ನು, ಸೊಂಟದ ತಿರುವು ನೋಡಿದರೆ ಮೈ ಹೇಗೆ ತಿರುಗುತ್ತದೆ ಅಂತ ಹತ್ತು ವಿಡಿಯೋಗಳಿಗಿಂತ ಚೆನ್ನಾಗಿ ಗೊತ್ತಾಗುತ್ತದೆ.

ಇಲ್ಲದ ಪ್ರಾಣಿಯನ್ನು ಜನ ನಂಬಬೇಕಾದರೆ ಅದರ ಪ್ರತಿ ತುಂಡೂ ಇರುವ ಪ್ರಾಣಿಯದಾಗಿರಬೇಕು. ಯಾಳಿಯಲ್ಲಿ ಸೊಂಡಿಲು ನಿಜವಾದ ಸೊಂಡಿಲು, ಪಂಜ ನಿಜವಾದ ಪಂಜ. ಕೂಡಿಸಿದ ಜಾಗದಲ್ಲಿ ಮಾತ್ರ ಶಿಲ್ಪಿಯ ಜಾಣತನ. ಇದನ್ನು ಕಲಿಯಲು ದೂರ ಹೋಗಬೇಕಾಗಿಲ್ಲ. ಚೌತಿಗೆ ಮುಂಚೆ ಗಣಪತಿ ಮಾಡುವವರ ಮನೆಗೆ ಹೋಗಿ ಕೂತು ನೋಡಿ. ಆನೆಯ ತಲೆ ಮಗುವಿನ ಮೈಗೆ ಸೇರುವ ಕುತ್ತಿಗೆಯನ್ನು ಹೇಗೆ ದಾಟಿಸುತ್ತಾರೆ? ಅಗಲ ಕಿವಿ ಎರಡೂ ಭುಜದ ಮೇಲೆ ಬರುತ್ತವೆ, ಸೊಂಡಿಲು ಎದೆಗೆ ಇಳಿಯುತ್ತದೆ, ಉಳಿದದ್ದನ್ನು ಹಾರ ಮುಚ್ಚುತ್ತದೆ. ನಿಮ್ಮ ಕುದುರೆ ಮನುಷ್ಯನಲ್ಲಿ ಸೊಂಟ ಸೇರುವ ಜಾಗ ಕೊಯ್ದು ಅಂಟಿಸಿದ ಹಾಗಿದೆ. ಕುದುರೆಯ ಎದೆಯ ಮಾಂಸ ಮನುಷ್ಯನ ಹೊಟ್ಟೆಯೊಳಗೆ ಹರಿದು ಬರಲಿ.

ರೆಕ್ಕೆ ಮುರಿಯುವುದು ನೀವು ಅದನ್ನು ಬೇರೆ ಮಾಡಿ ಆಮೇಲೆ ಬೆನ್ನಿಗೆ ಅಂಟಿಸುವುದರಿಂದ. ಇಡೀ ಭಾರ ಉಗುರಿನಷ್ಟು ಜಾಗದ ಮೇಲೆ ಬೀಳುತ್ತದೆ. ಒಂದು ರೆಕ್ಕೆಯ ತುದಿಯಿಂದ ಹೊರಟ ತಂತಿ ಬೆನ್ನೊಳಗೆ ಹಾದು ಇನ್ನೊಂದು ರೆಕ್ಕೆಯ ತುದಿಗೆ ಹೋಗಬೇಕು. ವೈರಿಂಗ್ ಮಾಡುವವರು ನೀವು, ಅಲ್ಯೂಮಿನಿಯಂ ತಂತಿಯ ತುಂಡುಗಳು ನಿಮ್ಮ ಹತ್ತಿರ ಇದ್ದೇ ಇರುತ್ತವೆ. ಅದು ಬಾಗುತ್ತದೆ, ತುಕ್ಕು ಹಿಡಿಯುವುದಿಲ್ಲ. ನುಣುಪು ತಂತಿಗೆ ಎಂ-ಸೀಲ್ ಸರಿಯಾಗಿ ಹಿಡಿಯುವುದಿಲ್ಲ, ಅದಕ್ಕೆ ಮೇಲೆ ತೆಳು ತಂತಿಯನ್ನು ಬಳ್ಳಿಯ ಹಾಗೆ ಸುತ್ತಿ. ಬಾವಲಿಯ ರೆಕ್ಕೆ ನೋಡಿ, ಅದರ ಕಡ್ಡಿಗಳೆಲ್ಲ ಉದ್ದವಾದ ಬೆರಳುಗಳು. ಕೈಗೆ ಭುಜ ಇರುವ ಹಾಗೆ ರೆಕ್ಕೆಗೂ ಭುಜ ಕೊಡಿ. ಎಂ-ಸೀಲನ್ನು ಬರಿಗೈಯಲ್ಲಿ ನಾದಬೇಡಿ. ಇವತ್ತು ಏನೂ ಆಗದಿರಬಹುದು. ವರ್ಷಗಟ್ಟಲೆ ಮುಟ್ಟಿದ ಮೇಲೆ ಒಂದು ದಿನ ಚರ್ಮಕ್ಕೆ ಅಲರ್ಜಿ ಶುರುವಾದರೆ ಮತ್ತೆ ಹೋಗುವುದಿಲ್ಲ. ನೈಟ್ರೈಲ್ ಕೈಗವಸು ಹಾಕಿಕೊಳ್ಳಿ.

ಈಗ ಊರಿನವರ ಫೈಬರ್ ಮೂರ್ತಿ. ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿ ಹೇಳಬೇಕು. ನಿಮ್ಮ ತಲೆನೋವು ಫೈಬರ್ ಎರಕಕ್ಕೆ ಬಳಸುವ ರಾಳದಿಂದ (ರೆಸಿನ್) ಏಳುವ ಸ್ಟೈರೀನ್ ಆವಿಯದು. ನೀವು ಕೋಣೆಯ ಬಾಗಿಲು ಮುಚ್ಚಿ ಕೂಲರ್ ಹಚ್ಚಿಕೊಂಡು ಕೆಲಸ ಮಾಡಿದ್ದೀರಿ. ಬಟ್ಟೆಯ ಮಾಸ್ಕ್ ಅದನ್ನು ತಡೆಯುವುದಿಲ್ಲ, ಎನ್-95 ಕೂಡ ತಡೆಯುವುದಿಲ್ಲ. ಅವು ಧೂಳಿಗೆ. ಆವಿಯನ್ನು ತಡೆಯಲು ಕಾರ್ಬನ್ ಡಬ್ಬಿ ಇರುವ ಮಾಸ್ಕ್ ಬೇಕು, ಜೊತೆಗೆ ಬಯಲು ಗಾಳಿ. ರಾಳವನ್ನು ಗಟ್ಟಿ ಮಾಡುವ ಹಾರ್ಡ್ನರ್ ಕಣ್ಣಿಗೆ ಸಿಡಿದರೆ ಕಣ್ಣೇ ಹೋಗಬಹುದು. ಕನ್ನಡಕ ಇಲ್ಲದೆ ಬಾಟಲಿ ಮುಚ್ಚಳ ತೆಗೆಯಬೇಡಿ. ಬಿದ್ದರೆ ಹದಿನೈದು ನಿಮಿಷ ನೀರು ಹಾಕುತ್ತಲೇ ಇರಿ, ಆಮೇಲೆ ಕೂಡಲೇ ಆಸ್ಪತ್ರೆ. ರಾಳ ಬೇಗ ಗಟ್ಟಿಯಾಗಲೆಂದು ಹಾಕುವ ಕೋಬಾಲ್ಟ್ ಮತ್ತು ಹಾರ್ಡ್ನರ್ ಎರಡನ್ನೂ ಯಾವತ್ತೂ ನೇರವಾಗಿ ಬೆರೆಸಬೇಡಿ, ಸ್ಫೋಟವಾಗುತ್ತದೆ. ಕೋಬಾಲ್ಟ್ ಮೊದಲು ರಾಳಕ್ಕೆ ಹೋಗಿ ಪೂರ್ತಿ ಬೆರೆಯಬೇಕು, ಹಾರ್ಡ್ನರ್ ಆಮೇಲೆ. ಎರಡಕ್ಕೂ ಒಂದೇ ಚಮಚ ಬಳಸಬೇಡಿ. ಹಾರ್ಡ್ನರ್ ನೂರಕ್ಕೆ 1ರಿಂದ 2ರಷ್ಟು. ಬೇಸಿಗೆಯಲ್ಲಿ ಕಡಿಮೆಯ ಕಡೆಗೇ ಇರಿ, ಸೂರ್ಯ ಏರುವ ಮುಂಚೆ ಮುಗಿಸಿ. 40 ಡಿಗ್ರಿ ದಾಟಿದ ಮಧ್ಯಾಹ್ನ ಬಕೆಟ್ಟಿನಲ್ಲೇ ಗಟ್ಟಿಯಾಗಿ ಹೊಗೆ ಬರುವುದನ್ನು ನಾನು ಕಂಡಿದ್ದೇನೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ, ಬಯಲು ಜಾಗ ಇಲ್ಲದಿದ್ದರೆ ಈ ಕೆಲಸ ಮನೆಯಲ್ಲಿ ಬೇಡ.

ಹಾಗಾದರೆ ಏನು ಮಾಡಬಹುದು? ನನ್ನ ಸಲಹೆ, ಮಣ್ಣಿನ ಕೆಲಸ ನೀವು ಮಾಡಿ, ಅಚ್ಚು ಮತ್ತು ಫೈಬರ್ ಎರಕವನ್ನು ದಿನಾ ಅದನ್ನೇ ಮಾಡುವವರಿಗೆ ಕೊಡಿ. ಲಾಭ ಕಡಿಮೆಯಾಗುತ್ತದೆ, ಆದರೆ ಮೊದಲ ಮೂರ್ತಿ ಹಾಳಾಗುವುದಿಲ್ಲ. ಎರಕದ ದಿನ ಪಕ್ಕದಲ್ಲಿ ನಿಂತು ಕಲಿಯಿರಿ. ಸಿಮೆಂಟಿನಲ್ಲಿ ಮಾಡುವುದು ಅಗ್ಗ, ನಮ್ಮ ಬಿಸಿಲಿಗೂ ತಾಳುತ್ತದೆ. ಆದರೆ ಭಾರ, ರೆಪ್ಪೆ ತುಟಿಯಂಥ ಸಣ್ಣ ಗೆರೆ ಮಂಕಾಗುತ್ತವೆ, ಒಳಗಿನ ಕಬ್ಬಿಣ ತುಕ್ಕು ಹಿಡಿದರೆ ವರ್ಷಗಳ ಮೇಲೆ ಸೀಳುತ್ತದೆ. ಕಂಚು ಎಲ್ಲಕ್ಕಿಂತ ಒಳ್ಳೆಯದು, ದುಬಾರಿ. ಫೈಬರ್ ಬಿಸಿಲಲ್ಲಿ ಬಣ್ಣ ಮಾಸುತ್ತದೆ, ನಾಲ್ಕೈದು ವರ್ಷಕ್ಕೊಮ್ಮೆ ಮತ್ತೆ ಹಚ್ಚಬೇಕು ಅಂತ ಊರಿನವರಿಗೆ ಈಗಲೇ ಹೇಳಿ.

ಇನ್ನೆರಡು ಮಾತು ಅವರ ಹತ್ತಿರ ಆಡಿಕೊಳ್ಳಿ. ಮೂರ್ತಿ ಎಲ್ಲಿ ಕೂರಿಸುತ್ತಾರೆ? ಸಾರ್ವಜನಿಕ ರಸ್ತೆ, ಫುಟ್‌ಪಾತ್ ಮೇಲೆ ಮೂರ್ತಿಗೆ ಅನುಮತಿ ಕೊಡಬಾರದು ಅಂತ ಸುಪ್ರೀಂ ಕೋರ್ಟ್ 2013ರ ಜನವರಿಯಲ್ಲಿ ಆದೇಶ ಮಾಡಿದೆ. ಜಾಗದ ಕಾಗದಪತ್ರ ಅವರ ಜವಾಬ್ದಾರಿ, ಆದರೆ ಅದು ಇಲ್ಲದೆ ನೀವು ಶುರು ಮಾಡಿದರೆ ಮೂರ್ತಿ ನಿಮ್ಮ ಮನೆಯಲ್ಲೇ ಉಳಿಯುತ್ತದೆ. ನನ್ನ ಶೆಡ್ಡಿನಲ್ಲಿ ಹಾಗೆ ಉಳಿದ ಒಂದು ಮೂರ್ತಿ ಒಂಬತ್ತು ವರ್ಷದಿಂದ ಚೀಲ ಹೊದ್ದು ನಿಂತಿದೆ. ಎರಡನೆಯದು ದುಡ್ಡು. ಮೂರು ಕಂತು ಮಾಡಿ. ಶುರುವಿಗೆ ಒಂದು, ಮಣ್ಣಿನ ಮೂರ್ತಿ ಒಪ್ಪಿದಾಗ ಒಂದು, ಒಯ್ಯುವಾಗ ಒಂದು. ಮಣ್ಣಿನ ಹಂತದಲ್ಲಿ ಮನೆಯವರನ್ನು ಕರೆಸಿ, ತೋರಿಸಿ, ಒಪ್ಪಿಗೆ ಅಂತ ಸಹಿ ಹಾಕಿಸಿಕೊಳ್ಳಿ. ಊರ ಹಿರಿಯರ ಮೂರ್ತಿ ಅಂದರೆ ಹತ್ತು ಜನ ಹತ್ತು ತರಹ ಹೇಳುತ್ತಾರೆ. ಫೈಬರ್ ಆದ ಮೇಲೆ ಮೂಗು ತಿದ್ದಲು ಬರುವುದಿಲ್ಲ. ಆ ಹತ್ತು ತಲೆಗಳ ಅಭ್ಯಾಸಕ್ಕೆ ಎರಡು ತಿಂಗಳು ಬೇಕು, ಅಷ್ಟು ಸಮಯ ಕೊಡುತ್ತಾರಾ ಕೇಳಿ. ಕೊಡುವುದಿಲ್ಲ ಅಂದರೆ ಈ ಕೆಲಸ ಒಪ್ಪಬೇಡಿ. ಇನ್ನೊಂದು ಬರುತ್ತದೆ.

ಬಿಡಲೋ ಅಂತ ಕೇಳಿದ್ದೀರಿ. ಬಿಡಬೇಡಿ.

ಬಿರುಕು ಬಿಟ್ಟ ಅಪ್ಪನ ತಲೆಯನ್ನು ಏನು ಮಾಡಬೇಕು ಅಂತ ನೀವು ಕೇಳಿಲ್ಲ, ಆದರೆ ಅದು ಮನೆಯ ಮೂಲೆಯಲ್ಲಿ ಇದೆ ಅಂತ ಗೊತ್ತು. ಒಣಗಿದ ಮಣ್ಣಿಗೆ ಹಸಿ ಮಣ್ಣು ಹಿಡಿಯುವುದಿಲ್ಲ, ಆ ಬಿರುಕು ಮುಚ್ಚಲು ಹೋಗಬೇಡಿ. ಅದರ ಮುಖದ ಅಳತೆಗಳನ್ನು ಬರೆದಿಟ್ಟುಕೊಳ್ಳಿ. ಕಣ್ಣುಗಳ ನಡುವಿನ ದೂರ, ಮೂಗಿನ ಉದ್ದ, ಮೀಸೆಯ ತುದಿ. ಅವು ಸರಿಯಾಗಿವೆ. ಆಮೇಲೆ ಬಕೆಟ್ಟಿನ ನೀರಿನಲ್ಲಿ ಮುಳುಗಿಸಿಡಿ. ಪೂರ್ತಿ ಒಣಗಿದ ಮಣ್ಣು ಒಂದು ರಾತ್ರಿಯಲ್ಲಿ ತಾನಾಗಿ ಕರಗುತ್ತದೆ. ಅದಕ್ಕೇ ಕೆರೆ ಮಣ್ಣು, ಮರಳು ಸೇರಿಸಿ ಕಲಸಿ, ಹೊಸ ತಲೆಗೆ ಅದೇ ಮಣ್ಣು ಬಳಸಿ. ಈ ಸಲ ಕುತ್ತಿಗೆ, ಬುರುಡೆಯಿಂದ ಶುರು ಮಾಡಿ. ಬುರುಡೆ, ಕುತ್ತಿಗೆ, ಕಿವಿ ಆದ ಮೇಲೆ, ಕಣ್ಣು ಮೂಗು ಇಡುವ ಮುಂಚೆಯೇ ಅವ್ವನನ್ನು ಕರೆಯಿರಿ. ಹಿಂದುಗಡೆ ನಿಲ್ಲಿಸಿ ತೋರಿಸಿ. ಅವರು ಕೈ ಮುಂದೆ ಮಾಡಿದರೆ ತಡೆಯಬೇಡಿ, ಮುಟ್ಟಲಿ.